ನೀಲಕ್ಕನ ತಮ್ಮನ ಮೂರು ಮುಖಗಳು

ನಮ್ಮೂರಿನಲ್ಲಿ ಫೋಟೋಗಳು ಕುಗ್ಗುತ್ತವೆ. ಹೊರಗಿನವರಿಗೆ ಹೇಳುವಾಗ ಮಾತ್ರ ಇದು ವಿಚಿತ್ರ ಅನ್ನಿಸುತ್ತದೆ. ಊರೊಳಗೆ ಯಾರೂ ಇದನ್ನೊಂದು ಸುದ್ದಿಯೆಂದು ಮಾತಾಡುವುದಿಲ್ಲ. ಮದುವೆಯಲ್ಲಿ ಗೋಡೆಯಗಲ ಮಾಡಿಸಿದ ಫೋಟೋ ಮಗು ಹುಟ್ಟುವ ಹೊತ್ತಿಗೆ ಕ್ಯಾಲೆಂಡರಿನಷ್ಟಾಗಿರುತ್ತದೆ, ಆ ಮಗು ಶಾಲೆಗೆ ಹೋಗುವ ಹೊತ್ತಿಗೆ ಪೋಸ್ಟ್ ಕಾರ್ಡಿನಷ್ಟು. ಹಾಗೇ ಬಿಟ್ಟರೆ ಅಂಚೆಚೀಟಿ, ಆಮೇಲೆ ಹುಣಸೆ ಬೀಜ, ಆಮೇಲೆ ಕಸ. ಅದಕ್ಕೇ ನಮ್ಮಲ್ಲಿ ಒಂದರೊಳಗೊಂದು ಕೂರುವ ಫ್ರೇಮುಗಳು ಮಾರಾಟಕ್ಕೆ ಸಿಗುತ್ತವೆ. ಎಲ್ಲರ ಮನೆಯ ದೇವರ ಜಗುಲಿಯ ಪಕ್ಕ ಒಂದು ಭೂತಗನ್ನಡಿ ತೂಗುತ್ತಿರುತ್ತದೆ. ಹಿರಿಯರ ಹಬ್ಬಕ್ಕೆ ಎಡೆ ಇಟ್ಟ ಮೇಲೆ ಅದನ್ನು ಹಿಡಿದು, ಅಜ್ಜ ಇನ್ನೂ ಇದ್ದಾನೋ ಇಲ್ಲವೋ ಎಂದು ನೋಡಿಕೊಳ್ಳುತ್ತಾರೆ. ಹೊಸ ಸೊಸೆಗೆ ಅತ್ತೆ ಕಲಿಸುವ ಮೊದಲ ಪಾಠವೆಂದರೆ ಫೋಟೋ ಇರುವ ಗೋಡೆಯ ಕೆಳಗೆ ಕಸಬರಿಗೆಯನ್ನು ಮೆಲ್ಲಗೆ ಆಡಿಸಬೇಕು ಎಂಬುದು.

ಮೊಬೈಲು ಬಂದಾಗ ಇನ್ನು ಈ ಪಾಡು ತಪ್ಪಿತೆಂದು ಊರೆಲ್ಲ ಹಿಗ್ಗಿತು. ಸ್ವಲ್ಪ ದಿನಕ್ಕೆ ಮೊಬೈಲಿನೊಳಗಿನ ಫೋಟೋಗಳೂ ಕುಗ್ಗಿದವು. ತೆಗೆದಾಗ ಪರದೆಯ ತುಂಬ ಇದ್ದ ಮುಖ ಮುಂದಿನ ಯುಗಾದಿಗೆ ಪರದೆಯ ನಡುವೆ ಒಂದು ಗುಂಡಿಯಷ್ಟಾಗಿ ಕೂತಿರುತ್ತಿತ್ತು. ಬೆರಳಿನಿಂದ ಹಿಗ್ಗಿಸಿದರೆ ಬರೀ ಚೌಕಗಳು. ಹಾಗಾಗಿ ಅಪ್ಪ ಕತ್ತಲೆ ಕೋಣೆಯಲ್ಲಿ ರಾಸಾಯನಿಕದ ಬೋಗುಣಿಗಳನ್ನಿಟ್ಟುಕೊಂಡು ನಡೆಸಿದ ಅಂಗಡಿಯನ್ನು ನಾನು ಕಂಪ್ಯೂಟರ್ ಇಟ್ಟುಕೊಂಡು ಮುಂದುವರಿಸಿದೆ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ 'ದೊಡ್ಡದು ಮಾಡುವ ಅಂಗಡಿ' ಎಂದು ಯಾರನ್ನು ಕೇಳಿದರೂ ತೋರಿಸುತ್ತಾರೆ.

ನನ್ನಲ್ಲಿ ಮೂರು ಸಾಫ್ಟ್‌ವೇರುಗಳಿವೆ. ಅವುಗಳ ಕಂಪನಿ ಹೆಸರುಗಳು ನಮ್ಮೂರಿನ ನಾಲಿಗೆಗೆ ಹೊರಳುವುದಿಲ್ಲ. ನಾನೇ ಜಗ್ಗ, ಹರಿತ, ಜಾಣ ಎಂದು ಹೆಸರಿಟ್ಟಿದ್ದೇನೆ. ಜಗ್ಗ ಹಳೆಯದು. ಇದ್ದದ್ದನ್ನು ನಾಲ್ಕೂ ಕಡೆಯಿಂದ ಜಗ್ಗಿ ದೊಡ್ಡದು ಮಾಡುತ್ತದೆ, ಅಷ್ಟೇ. ಮುಖ ಹಬೆ ಹಿಡಿದ ಗಾಜಿನಾಚೆ ನಿಂತಂತೆ ಕಾಣುತ್ತದೆ. ಹರಿತಕ್ಕೆ ಗೆರೆಗಳ ಮೇಲೆ ಪ್ರೀತಿ. ಸೀರೆಯ ಅಂಚು, ಕಿಟಕಿಯ ಸರಳು, ಬೈಕಿನ ನಂಬರು ಎಲ್ಲ ಎದ್ದು ಬರುತ್ತವೆ. ಆದರೆ ಮುಖಕ್ಕೆ ಹಚ್ಚಿದರೆ ತಲೆಗೂದಲು ತಂತಿಯಂತಾಗಿ, ಕಿವಿಯ ಸುತ್ತ ಬಿಳಿಯ ಅಂಚು ಮೂಡಿ, ಇಪ್ಪತ್ತರ ಹುಡುಗಿಗೆ ಐವತ್ತರ ಸುಕ್ಕು ಬರುತ್ತದೆ. ಜಾಣ ಈಚೆಗೆ ಬಂದದ್ದು. ಅದು ಕಂಪ್ಯೂಟರಿನಲ್ಲಿರುವ ಮುಖಗಳನ್ನೆಲ್ಲ ನೋಡಿ ಕಲಿಯುತ್ತದಂತೆ, ಕಲಿತು ಊಹೆ ಮಾಡುತ್ತದಂತೆ. ಚುಕ್ಕಿ ಇಲ್ಲದ ಕಡೆ ಚುಕ್ಕಿ ಇಟ್ಟು, ರೆಪ್ಪೆಗೆ ಕೂದಲು ಹಚ್ಚಿ, ಮುಚ್ಚಿದ ಬಾಯಲ್ಲೂ ಹಲ್ಲು ಜೋಡಿಸಿ ಕೊಡುತ್ತದೆ. ಒಮ್ಮೆ ಒಂದು ಅಂಗಡಿಯ ಬೋರ್ಡನ್ನು ಅದಕ್ಕೆ ಕೊಟ್ಟಿದ್ದೆ. ದೂರದಿಂದ ಅಚ್ಚುಕಟ್ಟಾದ ಕನ್ನಡ, ಹತ್ತಿರ ಹೋದರೆ ಯಾವ ಅಕ್ಷರವೂ ಅಲ್ಲದ ಸುರುಳಿಗಳು. ಮೂರರಲ್ಲಿ ಯಾವುದು ಒಳ್ಳೆಯದೆಂದು ಗಿರಾಕಿಗಳು ಕೇಳುತ್ತಾರೆ. ಮದುಮಗಳಿಗೆ ಜಾಣ, ಮನೆಗೆ ಹರಿತ ಎನ್ನುತ್ತೇನೆ. ಸತ್ತವರ ವಿಷಯ ಬಂದಾಗ ಮನೆಯವರನ್ನೇ ಕೇಳುತ್ತೇನೆ.

ಅಂದು ಮಧ್ಯಾಹ್ನ ನೀಲಕ್ಕ ಬಂದಳು. ಬೀದಿಯಾಚೆಯ ಖಾನಾವಳಿ ಅವಳದು. ಊಟದ ಹೊತ್ತಿನಲ್ಲಿ ಅವಳು ಒಲೆ ಬಿಟ್ಟು ಎದ್ದು ಬಂದದ್ದನ್ನು ನಾನು ಎಂದೂ ನೋಡಿರಲಿಲ್ಲ. ಕೈಗೆ ಮೆತ್ತಿದ ಜೋಳದ ಹಿಟ್ಟನ್ನೂ ತೊಳೆಯದೆ, ಸೆರಗಿನ ಗಂಟು ಬಿಚ್ಚಿ, ಒಂದು ಕುಂಕುಮದ ಭರಣಿಯನ್ನು ನನ್ನ ಮೇಜಿನ ಮೇಲಿಟ್ಟಳು.

"ಇದನ್ನ ದೊಡ್ಡದು ಮಾಡು ಕಸ್ತೂರಿ. ಇವತ್ತ ಬೇಕು."

ಭರಣಿಯಲ್ಲಿ ಕುಂಕುಮವಿರಲಿಲ್ಲ. ಹತ್ತಿಯ ಮೇಲೆ ಉಗುರಿನಷ್ಟು ಒಂದು ಕಾಗದ. ಭೂತಗನ್ನಡಿ ಹಿಡಿದು ನೋಡಿದೆ. ಮೂರು ಸಾಲು ಚುಕ್ಕಿಗಳು, ನಡುವೆ ಒಂದು ದೊಡ್ಡ ಚುಕ್ಕಿ. ನಮ್ಮ ಏಳನೇ ತರಗತಿಯ ಫೋಟೋ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನಡುವಿನ ದೊಡ್ಡ ಚುಕ್ಕಿ ಮಾಸ್ತರರು. ನನ್ನದೊಂದು ಪ್ರತಿಯೂ ಇತ್ತು. ಯಾವ ಕಾಲದಲ್ಲೋ ಕಸದ ಜೊತೆ ಹೋಗಿತ್ತು.

ಹಿಂದಿನ ಸಾಲಿನ ಕೊನೆಯಲ್ಲಿ ಎರಡು ಚುಕ್ಕಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಎಡಗಡೆಯದು ನೀಲಕ್ಕನ ತಮ್ಮ ಗುರುಸಿದ್ಧ ಎಂದು ಅವನ ತಾಯಿ ತೋರಿಸುತ್ತಿದ್ದಳಂತೆ. ಬಲಗಡೆಯದು ಅವನ ಗೆಳೆಯ ಯಮನೂರ, ಬಳೆ ಮಾರುವ ಹೆಂಗಸೊಬ್ಬಳ ಒಬ್ಬನೇ ಮಗ. ಫೋಟೋ ತೆಗೆಸಿಕೊಂಡ ವರ್ಷವೇ ಒಂದು ದಿನ ಮಧ್ಯಾಹ್ನದ ಬಿಡುವಿನಲ್ಲಿ ಇಬ್ಬರೂ ಹೊರಗೆ ಹೋದವರು ತಿರುಗಿ ಬರಲಿಲ್ಲ. ಕಾಲುವೆಗೆ ಬಲೆ ಹಾಕಿಸಿದರು. ಸುತ್ತಿನ ಸಂತೆಗಳಲ್ಲಿ ಡಂಗುರ ಹೊಡೆಸಿದರು. ಸುಳಿವು ಸಿಗಲಿಲ್ಲ. ಯಮನೂರನ ತಾಯಿ ಬಳೆಯ ಗಂಟು ಹೊತ್ತು ಊರೂರು ಹುಡುಕುತ್ತೇನೆಂದು ಹೊರಟವಳು ಅತ್ತಲೇ ಹೋದಳು. ನೀಲಕ್ಕನ ತಾಯಿ ಮಾತ್ರ ಆ ಫೋಟೋವನ್ನು ದೊಡ್ಡದು ಮಾಡಿಸಲು ಬಿಡಲಿಲ್ಲ. "ಸಣ್ಣದಾಗಲಿ ಬಿಡು, ಸಂಕಟಾನೂ ಸಣ್ಣದಾಗ್ತೈತಿ" ಎನ್ನುತ್ತಿದ್ದಳಂತೆ.

"ಯಾಕಕ್ಕಾ ಈಗ?" ಎಂದೆ.

"ಅವ ಬಂದಾನ."

"ಯಾರು?"

"ಅದ ಗೊತ್ತಾಗವಲ್ದು ನನಗ," ಎಂದು ನೀಲಕ್ಕ ಕುರ್ಚಿಯಲ್ಲಿ ಕುಸಿದಳು.

ಹಿಂದಿನ ದಿನ ಒಬ್ಬ ಗಂಡಸು ಖಾನಾವಳಿಗೆ ಊಟಕ್ಕೆ ಬಂದನಂತೆ. ಪುಂಡಿಪಲ್ಯೆಯನ್ನು ಎರಡು ಸಲ ಹಾಕಿಸಿಕೊಂಡನಂತೆ. ಕೈ ತೊಳೆದು ಬರುವಾಗ ಗೋಡೆಯ ಮೇಲಿನ ಅವ್ವನ ಫೋಟೋವನ್ನೂ ಅದರ ಪಕ್ಕದ ಭೂತಗನ್ನಡಿಯನ್ನೂ ನೋಡಿ ನಿಂತುಬಿಟ್ಟನಂತೆ. "ಈ ಊರಾಗ ಫೋಟೋ ಸಣ್ಣವಾಗ್ತಾವೇನ್ರಿ?" ಎಂದು ಕೇಳಿದನಂತೆ. ಆಗ್ತಾವೆ ಎಂದು ಇವಳು ಹೇಳಿದ್ದೇ ತಡ, ಅಲ್ಲೇ ಬೆಂಚಿನ ಮೇಲೆ ಕೂತು ಅಳತೊಡಗಿದನಂತೆ.

"ಈಗೆಲ್ಲಿ ಅದಾನ?"

ನೀಲಕ್ಕ ಬಾಗಿಲ ಕಡೆ ಕೈ ತೋರಿಸಿದಳು. ಎದುರಿನ ಬೇವಿನ ಮರದ ನೆರಳಲ್ಲಿ ಒಬ್ಬ ನಿಂತಿದ್ದ. ನನ್ನ ವಾರಿಗೆಯವನೇ. ಭುಜಕ್ಕೊಂದು ಬಟ್ಟೆಯ ಚೀಲ, ಉಗುರುಗಳ ಸಂದಿಯಲ್ಲಿ ತೊಳೆದರೂ ಹೋಗದ ಎಣ್ಣೆಯ ಕಪ್ಪು. ಕರೆದೆ. ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದ. ನಾನು ಅಂಗಡಿಯಲ್ಲಿ ಚಪ್ಪಲಿ ಬಿಡಬೇಕೆಂದು ಯಾರಿಗೂ ಹೇಳಿದ್ದಿಲ್ಲ.

"ನಿಮ್ಮ ಹೆಸರೇನ್ರಿ?"

"ದಸ್ತಗೀರ ಅಂತಾರಿ. ನಮ್ಮಪ್ಪ ಇಟ್ಟ ಹೆಸರು. ಅಂದ್ರ, ನನ್ನ ಸಾಕಿದಪ್ಪ," ಎಂದು ಅವನು ನಿಂತೇ ಹೇಳಿದ. "ಅವರು ಲಾರಿ ಹೊಡೀತಿದ್ರಿ. ಒಮ್ಮೆ ಎಲ್ಲೋ ದೂರ ಚಾ ಕುಡ್ಯಾಕ ನಿಲ್ಲಿಸಿ ಹಿಂದ ನೋಡಿದ್ರ, ಗೋಣಿಚೀಲದ ಮ್ಯಾಲ ನಾ ಮಲಗಿದ್ನಂತ. ಮೈ ಕೆಂಡದಂಗ ಕಾದಿತ್ತಂತ. ಆ ಜ್ವರದಾಗ ಎಲ್ಲಾ ಹೋತ್ರಿ. ನನ್ನ ಹೆಸರು, ಊರು, ಅವ್ವ, ಅಪ್ಪ, ಎಲ್ಲಾ."

"ಮತ್ತ ಇಲ್ಲಿಗೆ ಹೆಂಗ ಬಂದ್ರಿ?"

"ಒಂದು ಉಳಕೊಂಡಿತ್ತು. ನಮ್ಮೂರಾಗ ಫೋಟೋ ಸಣ್ಣವಾಗ್ತಾವ ಅಂತ. ಅಪ್ಪಗ ಹೇಳಿದ್ರ ಜ್ವರದ ಕನಸು ಅಂದ್ರು. ಗ್ಯಾರೇಜಿಗೆ ಬರೂ ಡ್ರೈವರಗೋಳನ್ನೆಲ್ಲಾ ಕೇಳಿದೆ. ಎಲ್ಲಾರೂ ನಕ್ರು. ಹೋದ ತಿಂಗಳ ಒಬ್ಬವ ನಗಲಿಲ್ಲರಿ. ಹೌದು, ಅಂಥಾದೊಂದು ಊರು ನೋಡೀನಿ ಅಂದ."

ನಮ್ಮ ವಾರಿಗೆಯಲ್ಲಿ ಊರಿನಿಂದ ಕಾಣೆಯಾದ ಹುಡುಗರು ಇಬ್ಬರೇ. ಹಾಗಾದರೆ ಇವನು ಒಂದೋ ಗುರುಸಿದ್ಧ, ಇಲ್ಲವೇ ಯಮನೂರ. ಜೊತೆಗೆ ಇನ್ನೊಬ್ಬ ಇದ್ದನೇ ಎಂದು ಕೇಳಿದರೆ, ಗೋಣಿಚೀಲದ ಮೇಲೆ ತಾನೊಬ್ಬನೇ ಇದ್ದೆನೆಂದು ತನ್ನ ಸಾಕಪ್ಪ ಹೇಳುತ್ತಿದ್ದನೆಂದ. ಇನ್ನೊಬ್ಬ ಎಲ್ಲಿ ಇಳಿದನೋ, ಏನಾದನೋ.

"ನಿನ್ನ ಕ್ಲಾಸಿನವರಲ್ಲೇನ ಇಬ್ರೂ, ನಿನಗ ನೆನಪಿಲ್ಲೇನ?" ನೀಲಕ್ಕ ನನ್ನನ್ನೇ ಕೇಳಿದಳು.

ನೆನಪು ಮಾಡಿಕೊಂಡೆ. ಹೆಗಲ ಮೇಲೆ ಕೈ ಹಾಕಿಕೊಂಡು ಬರುವ ಇಬ್ಬರು, ಹೆಗಲ ಮೇಲೆ ಕೈ ಹಾಕಿಕೊಂಡು ಹೋಗುವ ಇಬ್ಬರು. ಒಬ್ಬನ ಕೂದಲು ಗುಂಗುರು. ಯಾರದು? ಒಬ್ಬ ಗೋಡೆಯ ಸುಣ್ಣ ಕೆರೆದು ತಿನ್ನುತ್ತಿದ್ದ. ಯಾರು? ಇಬ್ಬರನ್ನೂ ಬೇರೆ ಬೇರೆಯಾಗಿ ನೋಡಬೇಕೆಂದು ಆಗ ನನಗೆ ತೋಚಿರಲಿಲ್ಲ. ನೀಲಕ್ಕನಿಗಂತೂ ಅವರು ಕಾಣೆಯಾಗುವ ಮೊದಲೇ ಮದುವೆಯಾಗಿತ್ತು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಾಗ ತಮ್ಮ ಇರಲಿಲ್ಲ. ಅವಳಿಗೆ ನೆನಪಿದ್ದ ಗುರುಸಿದ್ಧ ಅವಳ ಸೊಂಟದ ಮೇಲೆ ಕೂತು ಜಡೆ ಹಿಡಿದೆಳೆಯುವ ಕೂಸು. ಮಚ್ಚೆ, ಹುಟ್ಟುಗುರುತು ಯಾವುದೂ ಇರಲಿಲ್ಲವಂತೆ.

ಹೋಲಿಸಿ ನೋಡಲು ಬೇಕಾಗುತ್ತದೆಂದು ದಸ್ತಗೀರನನ್ನು ಸ್ಟೂಲಿನ ಮೇಲೆ ಕೂರಿಸಿ ಒಂದು ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿದೆ. ಅವನ ಎಡ ಹುಬ್ಬು ನಡುವೆ ಹರಿದು ಎರಡು ತುಂಡಾಗಿತ್ತು. ಆಮೇಲೆ ಚಿಮುಟದಿಂದ ಆ ಉಗುರಿನಷ್ಟು ಕಾಗದವನ್ನು ಎತ್ತಿ ಸ್ಕ್ಯಾನರಿನ ಗಾಜಿನ ಮೇಲಿಟ್ಟೆ. ಮೂವರೂ ಉಸಿರು ಬಿಗಿಹಿಡಿದಿದ್ದೆವು; ಒಂದು ಸೀನು ಸಾಕಿತ್ತು ಅದು ಹಾರಿಹೋಗಲು.

ಮೊದಲು ಜಗ್ಗ. ಎಡಗಡೆಯ ಚುಕ್ಕಿಯನ್ನು ಪರದೆಯ ತುಂಬ ಜಗ್ಗಿದೆ. ಬೂದುಬಣ್ಣದ ಒಂದು ಉಂಡೆ, ಅದರಲ್ಲಿ ಎರಡು ನೆರಳು, ಕೆಳಗೆ ಇನ್ನೊಂದು ನೆರಳು. ಕಣ್ಣು ಇರಬಹುದು, ಬಾಯಿ ಇರಬಹುದು. ನೀಲಕ್ಕ ಹತ್ತಿರ ಬಂದು ನೋಡಿದಳು, ಹಿಂದೆ ಸರಿದು ನೋಡಿದಳು, ಕಣ್ಣು ಕಿರಿದು ಮಾಡಿ ನೋಡಿದಳು.

"ಮಂಜಿನ್ಯಾಗ ನಿಂತಾನ," ಎಂದಳು.

ಬಲಗಡೆಯದನ್ನೂ ತೋರಿಸಿದೆ. ಅವನೂ ಮಂಜಿನಲ್ಲೇ ನಿಂತಿದ್ದ.

ಆಮೇಲೆ ಹರಿತ. ಅದು ಮಂಜನ್ನೆಲ್ಲ ಕೆರೆದು ಹಾಕಿ ಗೆರೆ ಎಳೆಯಿತು. ಹಣೆಗೆ ನಿರಿಗೆ, ಕೆನ್ನೆಗೆ ಹಳ್ಳ, ಕುತ್ತಿಗೆಗೆ ನರ. ಎಡಗೆನ್ನೆಯ ಮೇಲೆ ಒಂದು ಗಾಯದ ಗುರುತು ಎದ್ದಿತು. ನೀಲಕ್ಕ ಗಾಬರಿಯಾಗಿ ದಸ್ತಗೀರನ ಕೆನ್ನೆ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಬಲಗಡೆಯ ಹುಡುಗನನ್ನು ತೆರೆದರೆ ಗಾಯ ಅವನ ಕೆನ್ನೆಯ ಮೇಲೂ ಇತ್ತು. ಅದು ಕಾಗದ ಮಡಿಚಿದ್ದ ಗೆರೆ. ಹರಿತ ಅದನ್ನು ಗಾಯವೆಂದು ತಿಳಿದಿತ್ತು.

"ಇವ್ರು ಹುಡುಗೂರಲ್ಲವ್ವಾ," ನೀಲಕ್ಕ ಬೇಸರದಿಂದ ಹೇಳಿದಳು, "ಕಟ್ಟಿ ಮ್ಯಾಲ ಪಂಚರು ಕುಂತಂಗ ಅದಾರ. ನೀ ಮದುವಿ ಫೋಟೋಕ್ಕ ಹಾಕ್ತಿಯಲ್ಲ, ಅದರಾಗ ಹಾಕು."

"ಜಾಣ ಇಲ್ಲದ್ದನ್ನೂ ಇಡ್ತೈತಿ ಅಕ್ಕಾ. ಅದನ್ನ ನಂಬಾಕ ಬರಂಗಿಲ್ಲ."

"ಹಾಕಿ ನೋಡು."

ಹುಡುಗರಿಗೆ ಹಚ್ಚುವ ಮೊದಲು, ಗೊತ್ತಿರುವ ಒಂದು ಮುಖಕ್ಕೆ ಹಚ್ಚಿ ನೋಡೋಣ, ನಿಜ ಎಷ್ಟು ಸುಳ್ಳು ಎಷ್ಟು ತಿಳಿಯುತ್ತದೆ ಎಂದುಕೊಂಡೆ. ಗೊತ್ತಿರುವ ಮುಖವೆಂದರೆ ನನ್ನದೇ. ಮುಂದಿನ ಸಾಲಿನಲ್ಲಿ ಕೂತಿದ್ದೆ. ಆ ಚುಕ್ಕಿಯನ್ನು ಗುರುತು ಹಾಕಿ ಜಾಣಕ್ಕೆ ಕೊಟ್ಟೆ. ಅದು ಒಂದಷ್ಟು ಹೊತ್ತು ಯೋಚಿಸಿತು. ಪರದೆಯ ಮೇಲೆ ಒಬ್ಬ ಹುಡುಗಿ ಬಂದಳು. ಅಗಲವಾದ ಕಣ್ಣು, ಮುತ್ತು ಪೋಣಿಸಿದಂಥ ಹಲ್ಲು, ಕಿವಿಯಲ್ಲಿ ಜುಮಕಿ. ನನ್ನನ್ನೇ ನೋಡಿ ನಗುತ್ತಿದ್ದಳು.

"ಯಾರಿಕಿ?" ಎಂದಳು ನೀಲಕ್ಕ.

"ನಾನು."

"ನೀ ಹಿಂಗಿರಲಿಲ್ಲ ಬಿಡು. ಸಿಂಬಳ ಸುರಿಸ್ಕೋಂತ ಬರ್ತಿದ್ದಿ. ಜುಮಕಿ ಎಲ್ಲಿಂದ ಬರಬೇಕು ನಿಮ್ಮಪ್ಪಗ."

ದಸ್ತಗೀರ ಮೊದಲ ಸಲ ನಕ್ಕ. ನಾನೂ ನಕ್ಕೆ. ಆದರೆ ಆ ಹುಡುಗಿಯನ್ನು ಮುಚ್ಚಲು ನನಗೆ ಕೈ ಬರಲಿಲ್ಲ. ನನ್ನ ಬಾಲ್ಯದ ಒಂದು ಫೋಟೋವೂ ನನ್ನಲ್ಲಿ ಉಳಿದಿಲ್ಲ. ಊರಿನವರದನ್ನೆಲ್ಲ ದೊಡ್ಡದು ಮಾಡುತ್ತ ನನ್ನವು ಯಾವಾಗ ಕಸವಾದವೋ ತಿಳಿಯಲಿಲ್ಲ. ಯಾರಿಗೆ ಗೊತ್ತು, ಒಂದು ದಿನವಾದರೂ ನಾನು ಹೀಗೆ ನಕ್ಕಿರಬಹುದೇನೋ, ಯಾರದಾದರೂ ಜುಮಕಿಯನ್ನು ಒಂದು ದಿನದ ಮಟ್ಟಿಗೆ ಹಾಕಿಕೊಂಡಿರಬಹುದೇನೋ ಎಂದು ಅನ್ನಿಸತೊಡಗಿತು. ಸುಳ್ಳೆಂದು ಚೆನ್ನಾಗಿ ಗೊತ್ತಿದ್ದ ನನಗೇ ಹೀಗಾದರೆ, ನೀಲಕ್ಕನ ಗತಿಯೇನು ಎಂದು ಹೆದರಿಕೆಯಾಯಿತು.

"ಅಕ್ಕಾ, ಬ್ಯಾಡ ಇದು," ಎಂದೆ.

"ಹಾಕು ಕಸ್ತೂರಿ." ಈಗ ಅವಳು ಅಂಗಲಾಚುತ್ತಿದ್ದಳು.

ಎಡಗಡೆಯ ಚುಕ್ಕಿಯನ್ನು ಜಾಣಕ್ಕೆ ಕೊಟ್ಟೆ. ಮೊದಲು ತಲೆಯ ಆಕಾರ ಬಂತು, ಆಮೇಲೆ ಕೂದಲು, ಆಮೇಲೆ ಒಮ್ಮೆಲೇ ಮುಖ. ಹನ್ನೆರಡರ ಒಬ್ಬ ಹುಡುಗ. ಕಣ್ಣು, ಗಲ್ಲ, ಮೂಗಿನ ತುದಿ ಎಲ್ಲ ಪಕ್ಕದಲ್ಲಿ ನಿಂತಿದ್ದ ದಸ್ತಗೀರನದೇ. ಯಾರು ನೋಡಿದರೂ ಇವನ ಮಗನೆನ್ನಬೇಕು, ಇಲ್ಲವೇ ಇವನೇ ಎನ್ನಬೇಕು. ನೀಲಕ್ಕ ಎದ್ದು ಬಂದು ಹಿಟ್ಟು ಮೆತ್ತಿದ ಬೆರಳುಗಳಿಂದ ಪರದೆಯ ಕೆನ್ನೆ ಮುಟ್ಟಿದಳು. ಗಾಜಿನ ಮೇಲೆ ಬಿಳಿಯ ಗುರುತು ಬಿತ್ತು. ಆಮೇಲೆ ತಿರುಗಿ ದಸ್ತಗೀರನ ಕೈ ಹಿಡಿದಳು.

"ಗುರುಸಿದ್ಧಾ," ಎಂದಳು.

ಅವನು ಪರದೆಯನ್ನೇ ನೋಡುತ್ತಿದ್ದ. ಅವನ ಮುಖ ಅರಳಿದ್ದನ್ನು ನಾನು ಕಂಡೆ. ಜೀವಮಾನವೆಲ್ಲ ಬೇಕಾಗಿದ್ದದ್ದು ಎದುರಿಗೆ ಬಂದು ನಿಂತರೆ ಮನುಷ್ಯ ಹೇಗಾಗುತ್ತಾನೋ ಹಾಗಾಗಿದ್ದ. ಆಮೇಲೆ ಏನನ್ನೋ ಕಂಡಂತೆ ಒಂದು ಹೆಜ್ಜೆ ಮುಂದೆ ಬಂದ. ತನ್ನ ಎಡ ಹುಬ್ಬನ್ನು ಮುಟ್ಟಿಕೊಂಡ. ಹುಡುಗನ ಹುಬ್ಬು ನೋಡಿದ. ಮತ್ತೆ ಮುಟ್ಟಿಕೊಂಡ.

"ಅಕ್ಕಾರ," ಎಂದ. "ಅಕ್ಕಾರ, ಇದು ನಾ ಅಲ್ಲರಿ. ಈ ಹುಬ್ಬು ಹರದದ್ದು ಗ್ಯಾರೇಜಿನ್ಯಾಗ. ಜಾಕ್ ಜಾರಿ ಬಡೀತು. ಆಗ ನನಗ, ಆಗದ ಹೋದ ಮದುವಿ ಮಾತ ನಡದಿದ್ವು. ಈ ಹುಡುಗಗ ಅದು ಹೆಂಗ ಬಂತು?"

ಬಲಗಡೆಯ ಹುಡುಗನನ್ನು ಜಾಣಕ್ಕೆ ಕೊಟ್ಟೆ. ಅವನಿಗೂ ಅದೇ ಕಣ್ಣು, ಅದೇ ಗಲ್ಲ, ಅದೇ ಹರಿದ ಹುಬ್ಬು. ನಡುವೆ ಕುರ್ಚಿಯಲ್ಲಿ ಕೂತ ಮಾಸ್ತರರನ್ನು ಕೊಟ್ಟೆ. ಮಾಸ್ತರರ ಹುಬ್ಬೂ ಹರಿದಿತ್ತು. ಈಗಷ್ಟೇ ನಾನು ಸ್ಟೂಲಿನ ಮೇಲೆ ಕೂರಿಸಿ ತೆಗೆದ ಮುಖವನ್ನು ಜಾಣ ನೋಡಿಕೊಂಡಿತ್ತು. ಬೇರೆ ಗಂಡು ಮುಖ ಅದಕ್ಕೆ ತೋಚಿರಲಿಲ್ಲವೋ, ನಮಗೆ ಬೇಕಾದದ್ದು ಇದೇ ಎಂದು ಊಹೆ ಮಾಡಿತ್ತೋ, ನನಗೆ ಇವತ್ತಿಗೂ ತಿಳಿದಿಲ್ಲ.

ನೀಲಕ್ಕ ಅವನ ಕೈಯನ್ನು ಬಿಟ್ಟಿರಲಿಲ್ಲ, ಆದರೆ ಹಿಡಿತ ಸಡಿಲಾಗಿತ್ತು.

"ಸುಮ್ಮನಿದ್ದಿದ್ರ ಆಗ್ತಿತ್ತಲ್ಲ," ಎಂದಳು. "ನಾ ನಂಬಿದ್ದೆ."

"ನೀವು ನಂಬಿದ್ರಿ ಅಕ್ಕಾರ. ನನಗ ಗೊತ್ತಿತ್ತಲ್ಲ."

ನೀಲಕ್ಕ ಅವನನ್ನು ಹೊಸದಾಗಿ ನೋಡುವಂತೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಅವನಿಗೆ ಕೇಳಿಸದಿರಲೆಂಬಂತೆ, ಆದರೆ ಕೇಳಿಸುವಷ್ಟೇ ಸಣ್ಣ ದನಿಯಲ್ಲಿ ಹೇಳಿದಳು. "ನಮ್ಮ ಗುರುಸಿದ್ಧ ಆಗಿದ್ರ ಸುಮ್ಮನಿರ್ತಿದ್ದ. ಅವ ಸುಳ್ಳ ಹೇಳೂದ್ರಾಗ ಎತ್ತಿದ ಕೈ. ಬೆಲ್ಲ ತಿಂದು ಬಾಯಿ ಒರಸದ, ನಾ ತಿಂದಿಲ್ಲ ಅಂತಿದ್ದ ಕೂಸು ಅದು. ಹಿಂಗ ಇದ್ದದ್ದ ಇದ್ದಂಗ ಹೇಳಾವ ಯಮನೂರ. ಸಾಲಿ ನೀರಿನ ಗಡಿಗಿ ಒಡದವ ನಾನ ಅಂತ ತಾನ ಹೋಗಿ ಮಾಸ್ತರಗ ಹೇಳಿ ಹೊಡತ ತಿಂದಿದ್ದ ಅಂತ ಅವ್ವ ಹೇಳ್ತಿದ್ಲು."

ಹಾಗೆ ಹೇಳಿದವಳು ಒಲೆಯ ಮೇಲೆ ಬೇಳೆ ಇಟ್ಟು ಬಂದಿದ್ದೇನೆಂದು ಎದ್ದು ಹೋದಳು. ಭರಣಿಯನ್ನು ಮರೆತಿದ್ದಳು.

ದಸ್ತಗೀರ ಸಂಜೆಯ ಬಸ್ಸಿಗೆ ಹೋಗುತ್ತೇನೆಂದ. ಹೋಗುವ ಮೊದಲು ಒಂದು ಪ್ರಿಂಟು ಬೇಕೆಂದ. ಯಾವುದೆಂದು ಕೇಳಿದೆ. ಮೂರನ್ನೂ ಪಕ್ಕಪಕ್ಕದಲ್ಲಿ ತೆರೆಸಿಕೊಂಡು ಬಹಳ ಹೊತ್ತು ನೋಡಿದ. ಜಾಣದ ಚೆಲುವ ಹುಡುಗನನ್ನು ದಾಟಿ, ಹರಿತದ ಮುದುಕರನ್ನು ದಾಟಿ, ಜಗ್ಗದ ಮಂಜಿಗೆ ಬೆರಳಿಟ್ಟ.

"ಇಬ್ರನ್ನೂ ಒಂದ ಹಾಳ್ಯಾಗ ಹಾಕ್ರಿ," ಎಂದ. "ಇದರಾಗ ನಾ ಇರಬಹುದು."

ಹಾಕಿ ಕೊಟ್ಟೆ. ಮಡಿಚದೆ ಚೀಲದೊಳಗೆ ನೆಟ್ಟಗೆ ಇಟ್ಟುಕೊಂಡ.

ನೀಲಕ್ಕನಿಗೆ ಹೇಳಿ ಹೋಗಲು ಅವನು ಖಾನಾವಳಿಗೆ ಹೋದದ್ದನ್ನು ನಾನು ಅಂಗಡಿಯ ಬಾಗಿಲಿನಿಂದ ನೋಡಿದೆ. ಬಸ್ಸು ಬಂತು, ಹಾರನ್ನು ಹೊಡೆಯಿತು, ಹೋಯಿತು. ಅವನು ಹೊರಗೆ ಬರಲಿಲ್ಲ. ಆಮೇಲೆ ತಿಳಿಯಿತು, ಹಿಟ್ಟು ರುಬ್ಬುವ ಯಂತ್ರ ನಿಂತುಹೋಗಿದೆ, ಒಂದು ಸ್ವಲ್ಪ ನೋಡಿ ಹೋಗು ಎಂದು ನೀಲಕ್ಕ ಹೇಳಿದಳಂತೆ. ಮರುದಿನ ನೀರಿನ ಮೋಟರು ಕೆಟ್ಟಿತು. ಅದರ ಮರುದಿನ ಫ್ಯಾನು. ಆ ವಾರ ಖಾನಾವಳಿಯಲ್ಲಿ ಕೆಡದೆ ಉಳಿದ ವಸ್ತುವೇ ಇರಲಿಲ್ಲ. ಕೊನೆಗೆ ಕೆಡಲು ಏನೂ ಉಳಿಯದಾಗ ಅವನು ಖಾನಾವಳಿಯ ಪಕ್ಕದ ಖಾಲಿ ಜಾಗದಲ್ಲಿ ಒಂದು ತಗಡಿನ ನೆರಳು ಹಾಕಿಕೊಂಡು ಗಾಡಿ ರಿಪೇರಿಗೆ ಕೂತ. ದಸ್ತಗೀರ ಎಂದು ಕೂಗಿದರೂ ಓ ಎನ್ನುತ್ತಿದ್ದ. ಊರಿನ ಮುದುಕರು ಗುರುಸಿದ್ಧ ಎಂದರೂ, ಯಮನೂರ ಎಂದರೂ ಓ ಎನ್ನುತ್ತಿದ್ದ.

ಊರಿನವರು ಬಂದು ನನ್ನನ್ನು ಕೇಳುತ್ತಿದ್ದರು. ದೊಡ್ಡದು ಮಾಡಿದವಳು ನೀನಲ್ಲವೇ, ಅವನೇ ಹೌದೋ ಅಲ್ಲವೋ ಎಂದು. ಮೂರು ಸಾಫ್ಟ್‌ವೇರು ಮೂರು ಬಗೆ ಹೇಳಿದವು ಎಂದರೆ, ಮೂರರಲ್ಲಿ ಯಾವುದು ದುಬಾರಿಯೋ ಅದು ಹೇಳಿದ್ದೇ ಸರಿ ಇರಬೇಕು ಎಂದು ಕೆಲವರು ತೀರ್ಮಾನಿಸಿಕೊಂಡು 'ಗುರುಸಿದ್ಧ ಸಿಕ್ಕ' ಎಂದೇ ಹೇಳಿಕೊಂಡು ತಿರುಗಿದರು. ಹೊರಗಿನಿಂದ ಬಂದಿದ್ದ ಡಾಕ್ಟರರೊಬ್ಬರು ಊಟಕ್ಕೆ ಕೂತಾಗ, ಇಬ್ಬರ ರಕ್ತ ಕೊಟ್ಟರೆ ಪಟ್ಟಣದಲ್ಲಿ ಪರೀಕ್ಷೆ ಮಾಡಿ ಖಚಿತವಾಗಿ ಹೇಳುತ್ತಾರೆ ಎಂದರಂತೆ. "ನೋಡೂಣ್ರಿ, ಈಗ ಶ್ರಾವಣ ಐತಿ" ಎಂದಳಂತೆ ನೀಲಕ್ಕ. ಶ್ರಾವಣ ಮುಗಿದ ಮೇಲೆ ದಸರೆ ಬಂತು, ದಸರೆಯಾದ ಮೇಲೆ ದೀಪಾವಳಿ.

ಒಂದು ದಿನ ಗಿರಾಕಿಗಳು ಕಡಿಮೆಯಿದ್ದಾಗ ಊಟಕ್ಕೆ ಹೋದವಳು ನಾನೇ ಕೇಳಿಬಿಟ್ಟೆ. "ಅಕ್ಕಾ, ಪರೀಕ್ಷಾ ಯಾಕ ಬ್ಯಾಡ?"

ನೀಲಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಬ್ಯಾಡ ಅಂದಿಲ್ಲ. ದಿನಾ ಮುಂಜಾನೆ ಎದ್ದಾಗ ಇವತ್ತ ಹೋಗೂಣು ಅನಸ್ತೈತಿ. ಅಷ್ಟೊತ್ತಿಗೆ ಒಲಿ ಹಚ್ಚೂ ಹೊತ್ತಾಗಿರ್ತೈತಿ. ಅವ ನಗೂದು ನೋಡಿದ್ರ ಒಂದ ದಿನ ಅವ್ವ ನಕ್ಕಂಗ ಕಾಣ್ತೈತಿ. ಮರುದಿನ ನೋಡಿದ್ರ ಯಾರೋ ಬ್ಯಾರೆ. ನನಗ ತಿಳೀವಲ್ದು ಕಸ್ತೂರಿ, ಖರೇನ ತಿಳೀವಲ್ದು." ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ನೀರು ಸವರಿ, ನನ್ನ ಮುಖ ನೋಡಿದಳು. "ಅದಕ್ಕಿಂತ ಒಂದು ಹೆದರಿಕಿ ಐತಿ. ಇವ ಯಮನೂರ ಆಗಿದ್ರ? ಅವನವ್ವ ಯಾವ ಊರಾಗರೆ ಬಳಿ ಮಾರ್ಕೋಂತ ಇವನ್ನ ಇನ್ನೂ ಹುಡಕ್ತಿದ್ರ? ನಾ ಇನ್ನೊಬ್ಬರ ಮಗನ್ನ ಇಟ್ಕೊಂಡು ಕುಂತಂಗ ಆಗಂಗಿಲ್ಲೇನು?"

ಆದರೆ ಅವಳು ಬರೀ ಹೆದರಿ ಕೂತಿರಲಿಲ್ಲ. ಊಟಕ್ಕೆ ಬರುವ ಒಬ್ಬೊಬ್ಬ ಬಸ್ ಡ್ರೈವರನಿಗೂ, ಲಾರಿಯವನಿಗೂ, ಬಳೆ ಮಾರುವ ಮುದುಕಿ ಕಂಡರೆ, ಯಮನೂರ ಎಂಬ ಮಗನನ್ನು ಕಳೆದುಕೊಂಡವಳಾದರೆ, ಇಲ್ಲಿಗೆ ಕಳುಹಿಸಿ ಎಂದು ಹೇಳಿ ಕಳುಹಿಸುತ್ತಿದ್ದಳು. ಇದು ದಸ್ತಗೀರನಿಗೂ ಗೊತ್ತಿತ್ತು. ಬಸ್ಸು ಬಂದಾಗಲೆಲ್ಲ ಅವನು ಕೆಲಸ ಬಿಟ್ಟು ಇಳಿಯುವವರ ಕಡೆ ಒಮ್ಮೆ ನೋಡುತ್ತಿದ್ದ. ಮುದುಕಿಯರು ಇಳಿಯುತ್ತಿದ್ದರು, ಯಾರದೋ ಮನೆಗೆ ಹೋಗುತ್ತಿದ್ದರು. ಇಲ್ಲಿಯವರೆಗೆ ಯಾರೂ ಬಳೆಯ ಗಂಟು ಹೊತ್ತು ಬಂದಿಲ್ಲ.

ನಿನ್ನೆ ಮಧ್ಯಾಹ್ನ ನಾನು ಒಂದು ಮದುವೆಯ ಆಲ್ಬಮ್ಮನ್ನು ಜಾಣಕ್ಕೆ ಕೊಟ್ಟು, ಅದು ಯೋಚಿಸುತ್ತಿರುವಷ್ಟು ಹೊತ್ತು ಬಾಗಿಲಿಗೆ ಬಂದು ನಿಂತಿದ್ದೆ. ಬಿಸಿಲು ಚುರುಗುಟ್ಟುತ್ತಿತ್ತು. ನೀಲಕ್ಕ ಖಾನಾವಳಿಯ ಹೊಸ್ತಿಲಿಗೆ ಬಂದು, ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡು, ಬೀದಿಗೆ ಕೇಳುವಂತೆ ಕೂಗಿದಳು.

"ತಮ್ಮಾ, ಉಣ್ಣಾಕ ಬಾ."

ನಮ್ಮ ಕಡೆ ತನಗಿಂತ ಕಿರಿಯ ಗಂಡಸರನ್ನೆಲ್ಲ ಹೆಂಗಸರು ಹೀಗೇ ಕರೆಯುತ್ತಾರೆ. ಬಾಳೆಹಣ್ಣಿನ ಗಾಡಿಯವನು ತಿರುಗಿ ನೋಡಿದ. ಬಸ್ಸಿನ ಕಂಡಕ್ಟರ್ ತಿರುಗಿ ನೋಡಿದ. ಮೂಟೆ ಹೊತ್ತು ಹೋಗುತ್ತಿದ್ದ ಹಮಾಲನೂ ನಿಂತು ನೋಡಿದ. ನೀಲಕ್ಕ ಯಾರ ಕಡೆಯೂ ಕೈ ತೋರಿಸದೆ ಒಳಗೆ ಹೋಗಿ ತಾಟು ಇಡತೊಡಗಿದಳು. ಮೂವರೂ ಮತ್ತೆ ತಮ್ಮ ತಮ್ಮ ಕೆಲಸಕ್ಕೆ ತೊಡಗಿದರು. ತಗಡಿನ ನೆರಳಿನ ಕೆಳಗೆ ಸ್ಕೂಟರಿನ ಹಿಂದೆ ಕೂತಿದ್ದವನು ಎದ್ದು, ಕೈಯ ಎಣ್ಣೆಯನ್ನು ಚಿಂದಿಗೆ ಒರೆಸಿಕೊಂಡು, ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಹೋದ.